ಮೋಜೆಲ್ ಕರೆದ ಹುಂಜಕ್ಕೆ ಯಾವ ಕೋವಿ

ಲೀಲಂಡ್ ಕ್ರೈಡರನ ಎರಡು ಅಂಗಿಗಳಿಗೆ ಹಿಂದಿನ ಅಂಚಿರಲಿಲ್ಲ. ಒಂದು ನೀಲಿ ಚೌಕಳಿಯದು, ಇನ್ನೊಂದು ಹಸಿರು ಫ್ಲಾನೆಲ್. ಕತ್ತರಿಸಿದ ತುಂಡುಗಳು ಗಾರ್ಲಂಡ್ ಟಟಲ್‌ನ ಹಾರ್ಡ್‌ವೇರ್ ಅಂಗಡಿಯ ತೊಲೆಯಲ್ಲಿ, ಬೇರೆಯವರ ತುಂಡುಗಳ ಸಾಲಿನಲ್ಲಿ, ಮೊಳೆಯಿಂದ ತೂಗುತ್ತಿದ್ದವು. ನಮ್ಮ ಒಜಾರ್ಕ್ ಗುಡ್ಡಗಳಲ್ಲಿ ಕಾಡು ಟರ್ಕಿ ಕೋಳಿಯ ಹುಂಜಕ್ಕೆ ಗುಂಡು ಹಾರಿಸಿ ತಪ್ಪಿಸಿದವನ ಅಂಗಿಗೆ ಕತ್ತರಿ ಬೀಳುತ್ತದೆ. ತಪ್ಪಿದ್ದನ್ನು ಯಾರೂ ನೋಡದಿದ್ದರೆ ತಪ್ಪಿಸಿದವನೇ ಅಂಗಡಿಗೆ ಬಂದು ಹೇಳಬೇಕು. ಎಷ್ಟು ಜನ ಹಾಗೆ ಬಂದು ಹೇಳುತ್ತಾರೆ ಎಂಬುದು ಬೇರೆ ವಿಷಯ. ಲೀಲಂಡ್ ಎರಡು ಸಲವೂ ಬಂದು ಹೇಳಿದ್ದ.

ಆ ಎರಡೂ ಒಂದೇ ವಸಂತದಲ್ಲಿ ಆದ ತಪ್ಪುಗಳು. ಅದು ಅವನು ಟರ್ಕಿ ಬೇಟೆಗೆ ಹೋದ ಮೊದಲ ವಸಂತವೂ ಹೌದು. ಅದಕ್ಕೆ ಮೊದಲು ಮೂವತ್ತು ವರ್ಷ ಅವನು ಲಾರಿ ಓಡಿಸುತ್ತಿದ್ದ. ಏಪ್ರಿಲ್ ತಿಂಗಳು ಬಂದರೆ ಅವನು ಯಾವುದೋ ಹೆದ್ದಾರಿಯಲ್ಲಿ ತರಕಾರಿ ಹೇರಿಕೊಂಡು ಹೋಗುತ್ತಿರುತ್ತಿದ್ದ. ಅವನ ಹೆಂಡತಿ ಮೋಜೆಲ್ ಕಾಡಿನಲ್ಲಿರುತ್ತಿದ್ದಳು.

ಮೋಜೆಲ್ ಕೋವಿ ಹಿಡಿಯುವವಳಲ್ಲ, ಹುಂಜಗಳನ್ನು ಕರೆಯುವವಳು. ಹೇಂಟೆ ಟರ್ಕಿಯ ರೆಕ್ಕೆಯ ಮೂರು ಎಲುಬುಗಳನ್ನು ಒಂದಕ್ಕೊಂದು ಸಿಕ್ಕಿಸಿ ಮಾಡಿದ ಗೇಣುದ್ದದ ಕೊಳವೆಯನ್ನು ತುಟಿಗಿಟ್ಟು ಅವಳು ಗಾಳಿಯನ್ನು ಒಳಕ್ಕೆ ಎಳೆದರೆ, ಕಣಿವೆಯ ಆಚೆ ಮರದ ಮೇಲೆ ಕೂತ ಹುಂಜ ಕತ್ತು ಚಾಚಿ ಉತ್ತರ ಕೊಡುತ್ತಿತ್ತು. ಬೇರೆಯವರು ಕರೆದರೆ ಹುಂಜ ಉತ್ತರ ಕೊಡುತ್ತಾ ಹತ್ತಿರ ಬಂದು, ನಲವತ್ತು ಗಜದಾಚೆ ಪೊದೆಯ ಮರೆಯಲ್ಲಿ ನಿಂತು, ಹೇಂಟೆಯೇ ಎದ್ದು ತನ್ನ ಬಳಿ ಬರಲಿ ಎಂದು ಕಾಯುತ್ತದೆ. ಅದು ಆ ಹಕ್ಕಿಯ ಸ್ವಭಾವ. ಮೋಜೆಲ್ ಕರೆದ ಹುಂಜ ಮಾತ್ರ ನಿಲ್ಲುತ್ತಿರಲಿಲ್ಲ. ಅವಳ ಬೂಟಿನ ತುದಿ ಕಾಣುವಷ್ಟು ಹತ್ತಿರ ಬರುತ್ತಿತ್ತು.

“ಮಾತಾಡೋದು ನನ್ನ ಕೆಲಸ. ಮಾತು ಮುರಿಯೋ ಕೆಲಸ ಪಕ್ಕದಲ್ಲಿ ಕೂತೋರದು,” ಎನ್ನುತ್ತಿದ್ದಳು.

ಪಕ್ಕದಲ್ಲಿ ಮೊದಲು ಅವಳ ಅಪ್ಪ ಕೂರುತ್ತಿದ್ದ. ಅವನು ಹೋದ ಮೇಲೆ ತಮ್ಮ ಡಾಯ್ಲ್ ಪ್ರೂಯೆಟ್ ಕೂತ. ಇಪ್ಪತ್ತು ವರ್ಷದ ಹತ್ತಿರ ಡಾಯ್ಲ್ ಆ ಜಾಗ ಬಿಡಲಿಲ್ಲ. ಲೀಲಂಡ್ ನಿವೃತ್ತನಾಗಿ ಮನೆಗೆ ಬಂದ ವರ್ಷ ಮೋಜೆಲ್ ತಮ್ಮನನ್ನು ಕರೆದು, ಇನ್ನು ಮೇಲೆ ತನ್ನ ಪಕ್ಕದಲ್ಲಿ ಗಂಡ ಕೂರುತ್ತಾನೆ ಎಂದಳು. ಡಾಯ್ಲ್ ಆಯಿತು ಎಂದ. ಆದರೆ ಅಂಗಡಿಯಲ್ಲಿ ಭಾವನ ಅಂಗಿಗೆ ಕತ್ತರಿ ಹಾಕುವ ಕೆಲಸವನ್ನು ಎರಡು ಸಲವೂ ತಾನೇ ಕೇಳಿ ಪಡೆದ.

ಮುಂದಿನ ವಸಂತದ ಬೇಟೆ ಶುರುವಾಗಲು ತಿಂಗಳಿರುವಾಗ ಒಂದು ಬೆಳಿಗ್ಗೆ ಡಾಯ್ಲ್ ಅಕ್ಕನ ಅಡುಗೆಮನೆಗೆ ಬಂದ. ಮೋಜೆಲ್ ಬಿಸ್ಕತ್ತಿನ ಹಿಟ್ಟು ನಾದುತ್ತಿದ್ದಳು. ಲೀಲಂಡ್ ಬಾಣಲೆಯಲ್ಲಿ ಗ್ರೇವಿ ತಿರುವುತ್ತಿದ್ದ.

“ಅಕ್ಕಾ, ಈ ಸಲಾನೂ ಭಾವಂಗೇ ಕರೀತೀಯಾ?”

“ಹೂಂ. ಯಾಕೆ?”

“ಏನಿಲ್ಲ. ಭಾವನ ಹತ್ರ ಅಂಗಿ ಎಷ್ಟು ಉಳಿದಾವೆ ಅಂತ ಯೋಚ್ನೆ ಮಾಡ್ತಿದ್ದೆ.”

“ಆರಿವೆ,” ಎಂದ ಲೀಲಂಡ್, ಬಾಣಲೆಯಿಂದ ತಲೆ ಎತ್ತದೆ.

“ಹನ್ನೆರಡು ಹೆಜ್ಜೆ ದೂರದಲ್ಲಿ ನಿಂತಿರೋ ಹುಂಜ ಭಾವ ಅದು. ಕಲ್ಲು ತಗೊಂಡು ಹೊಡೆದಿದ್ರೂ ಬೀಳ್ತಿತ್ತು. ನೀನು ಗುಂಡು ಹೊಡೆದ್ಯೋ, ಕೆಮ್ಮಿದ್ಯೋ?”

“ಹೊಡೆದೆ. ಬೀಳಲಿಲ್ಲ.”

“ಅದೇ ನಾನೂ ಹೇಳೋದು. ಅಕ್ಕ ಅಷ್ಟು ಕಷ್ಟಪಟ್ಟು ಕರೆದು ತಂದು ಬಾಗಿಲಲ್ಲಿ ನಿಲ್ಲಿಸ್ತಾಳೆ. ನೀನು ಅದಕ್ಕೆ ನಮಸ್ಕಾರ ಹೇಳಿ ಕಳಿಸ್ತೀಯ.”

ಮೋಜೆಲ್ ನಕ್ಕಳು. ಹಿಟ್ಟಿನ ಕೈಯನ್ನು ಏಪ್ರನ್ನಿಗೆ ಒರೆಸಿಕೊಂಡು, “ಸಾಕು ಬಿಡೋ. ಮೂರನೇ ಸಲ ತಪ್ಪಿಸಿದ್ರೆ ನಿಂಗೇ ಕರೀತೀನಿ. ಅಲ್ಲೀವರೆಗೆ ಬಾಯಿ ಮುಚ್ಕೊಂಡು ತಿನ್ನು,” ಎಂದಳು.

ತಮಾಷೆಗೆ ಹೇಳಿದ ಮಾತೇ ಅದು. ಆದರೆ ಪ್ರೂಯೆಟ್ ಮನೆತನದಲ್ಲಿ ಹುಟ್ಟಿದವರು ತಮಾಷೆಗೆ ಆಡಿದ ಮಾತನ್ನೂ ಹಿಂತೆಗೆದುಕೊಂಡವರಲ್ಲ. ಡಾಯ್ಲ್ ತಿನ್ನುವುದನ್ನು ನಿಲ್ಲಿಸಿ ಅಕ್ಕನ ಮುಖ ನೋಡಿದ. ಲೀಲಂಡ್ ಒಲೆ ಆರಿಸಿದ.

ಅವನಿಗೆ ಹಕ್ಕಿಯ ಮೇಲೆ ಅಂಥ ಆಸೆ ಇರಲಿಲ್ಲ. ಟರ್ಕಿಯ ಎದೆಮಾಂಸಕ್ಕೆ ಹಿಟ್ಟು ಹಚ್ಚಿ ಕರಿದರೆ ರುಚಿಯಾಗಿರುತ್ತದೆ, ಕೋಳಿಯೂ ಹಾಗೇ ಇರುತ್ತದೆ. ಅವನಿಗೆ ಬೇಕಾಗಿದ್ದದ್ದು ಮೋಜೆಲ್ ಕೂತು ಹುಂಜ ಕರೆಯುವ ಓಕ್ ಮರದ ಬುಡ. ಮೂವತ್ತು ವರ್ಷ ಶನಿವಾರ ಬಂದು ಸೋಮವಾರ ಹೋಗುತ್ತಿದ್ದ ಗಂಡ ಅವನು. ಮನೆಯಲ್ಲಿ ಉಪ್ಪು ಎಲ್ಲಿದೆ ಎಂದು ಈಗಲೂ ಕೇಳಬೇಕಾಗುತ್ತಿತ್ತು. ಹಿಂದಿನ ವಸಂತದಲ್ಲಿ ನಸುಕಿಗೆ ಮೊದಲು ಆ ಬುಡಕ್ಕೆ ಒರಗಿ, ಭುಜಕ್ಕೆ ಭುಜ ತಾಗಿಸಿ ಕೂತಾಗ, ಪಕ್ಕದಲ್ಲಿದ್ದವಳು ಉಪ್ಪಿನ ಡಬ್ಬಿ ತೋರಿಸುವ ಹೆಂಗಸಾಗಿರಲಿಲ್ಲ. ಉಸಿರು ಹಿಡಿದು, ಕಣ್ಣು ಅರೆಮುಚ್ಚಿ, ಕಣಿವೆಯಾಚೆಯ ಹುಂಜದೊಂದಿಗೆ ಜಗಳ, ಸಲ್ಲಾಪ, ಮುನಿಸು ಎಲ್ಲ ನಡೆಸುವ ಇನ್ನಾರೋ ಆಗಿದ್ದಳು. ಕೊಳವೆ ಕೆಳಗಿಟ್ಟು, “ಬರ್ತಿದೆ,” ಎಂದು ಅವನ ಕಿವಿಯಲ್ಲಿ ಉಸುರುತ್ತಿದ್ದಳು. ಆ ಜಾಗ ಕಳೆದುಕೊಳ್ಳಲು ಲೀಲಂಡ್ ಸಿದ್ಧನಿರಲಿಲ್ಲ.

ಆದ್ದರಿಂದ ಅವನು ಒಳ್ಳೆಯ ಕೋವಿಯೊಂದನ್ನು ಆರಿಸಲು ಹೊರಟ.

ಗಾರ್ಲಂಡ್‌ನ ಅಂಗಡಿ ಮೊಳೆ, ಪೈಪು, ಬಿತ್ತನೆ ಆಲೂಗಡ್ಡೆ, ಕೋವಿ ಎಲ್ಲವನ್ನೂ ಮಾರುವ ಅಂಗಡಿ. ಬೇಟೆಯ ಕಾಲದಲ್ಲಿ ಹೊಡೆದ ಹಕ್ಕಿಯನ್ನು ತಂದು ತೂಗಿಸಿ ನೋಂದಾಯಿಸುವುದೂ ಅಲ್ಲೇ. ಲೀಲಂಡ್ ಸಮಸ್ಯೆ ಹೇಳಿದಾಗ ಒಲೆಯ ಸುತ್ತ ಕೂತವರೆಲ್ಲ ಒಂದೇ ಉತ್ತರ ಕೊಟ್ಟರು. ಹತ್ತಿರದ ಹಕ್ಕಿಯನ್ನೇ ತಪ್ಪಿಸುವವನಿಗೆ ಇನ್ನೂ ದೊಡ್ಡ ಕೋವಿ ಬೇಕು.

“ನಿನ್ನ ಹಳೇ ಪಂಪ್ ಕೋವಿ ಬಾತುಕೋಳಿಗೆ ಸರಿ,” ಎಂದ ಗಾರ್ಲಂಡ್. “ಹೋದ ವರ್ಷ ಅದರ ಬಾಯಿಗೆ ಬಿಗಿ ಕೊಳವೆ ಹಾಕಿಸಿದ್ಯಲ್ಲ, ಅದೂ ಸಾಲದು. ಟರ್ಕಿ ಮೈಗೆ ಹೊಡೆದ್ರೆ ಪುಕ್ಕ ಹಾರುತ್ತೆ ಅಷ್ಟೆ. ತಲೆ ಕತ್ತಿಗೇ ಬೀಳಬೇಕು. ಅದಕ್ಕೆ ತೋಟಾದೊಳಗಿನ ಚರೆ ಚೆಲ್ಲಾಡದೆ ಒಟ್ಟಾಗಿ ಹೋಗಬೇಕು. ಬಾಯಿ ಬಿಗಿಯಾಗಿದ್ದಷ್ಟೂ ಒಳ್ಳೇದು.”

ಅವನು ಕೆಳಗಿಳಿಸಿದ್ದು ಹನ್ನೆರಡು ಬೋರಿನ, ಮೂರೂವರೆ ಇಂಚಿನ ತೋಟಾ ನುಂಗುವ ಉದ್ದ ಕೋವಿ. ಮೈಗೆಲ್ಲ ಎಲೆಯ ಬಣ್ಣ. ನಳಿಗೆಯ ತುದಿಗೆ ಪೇಟೆಯಲ್ಲಿ ಸಿಗುವ ಅತ್ಯಂತ ಬಿಗಿಯಾದ ಕೊಳವೆ. ತೂಕ ಒಂಬತ್ತು ಪೌಂಡಿನ ಸಮೀಪ. ಡಾಯ್ಲ್ ಕೂಡ ಹಿಂದಿನ ವರ್ಷ ಅಂಥದ್ದೇ ಕೊಂಡಿದ್ದ. ಅಕ್ಕನಿಲ್ಲದೆ ತಾನೇ, ಹೇಂಟೆಯ ದನಿ ಹೊರಡಿಸುವ ಮರದ ಪೆಟ್ಟಿಗೆ ಉಜ್ಜಿ ಕರೆದ ಹುಂಜಗಳು ನಲವತ್ತು ಗಜದಲ್ಲಿ ನಿಂತಾಗ ಎರಡನ್ನು ಅದರಿಂದಲೇ ಉರುಳಿಸಿದ್ದ.

ಭಾನುವಾರ ಚರ್ಚ್ ಮುಗಿದ ಮೇಲೆ ಅಂಗಡಿಯ ಹಿತ್ತಲಲ್ಲಿ ಪರೀಕ್ಷೆ ನಡೆಯಿತು. ಟರ್ಕಿಯ ತಲೆ ಕತ್ತು ಬರೆದ ಕಾಗದವನ್ನು ರಟ್ಟಿನ ಪೆಟ್ಟಿಗೆಗೆ ಅಂಟಿಸಿ, ಗಜ ಅಳೆದು ನಲವತ್ತರಲ್ಲಿ ಇಟ್ಟರು. ಲೀಲಂಡ್ ಬೆಂಚಿನ ಮೇಲೆ ಕೋವಿ ಊರಿ ಹೊಡೆದ. ಕೋವಿ ಅವನ ಭುಜವನ್ನು ಹಿಂದಕ್ಕೆ ನೂಕಿತು. ಗಂಡಸರೆಲ್ಲ ಓಡಿಹೋಗಿ ಕಾಗದದ ಮುಂದೆ ಬಗ್ಗಿ, ಕತ್ತಿನ ಸುತ್ತ ಬಿದ್ದ ತೂತುಗಳನ್ನು ಎಣಿಸಿದರು. ಎರಡು ಸಲ ಎಣಿಸಿದರು.

“ಇನ್ನು ಈ ಕಾಗದ ಎದ್ದು ಓಡಲ್ಲ,” ಎಂದ ಗಾರ್ಲಂಡ್.

ಟ್ರಕ್ಕಿನ ಹಿಂಬದಿಯಲ್ಲಿ ಕಾಲು ಇಳಿಬಿಟ್ಟು ಕೂತಿದ್ದ ಮೋಜೆಲ್, “ಅಷ್ಟು ದೂರ ಯಾಕೆ ಇಟ್ಟಿದೀರಿ?” ಎಂದು ಕೇಳಿದಳು.

“ಹುಂಜ ಬಂದು ನಿಲ್ಲೋದು ಅಲ್ಲೇ ತಾನೇ ಮೋಜೆಲ್.”

“ನಿಮ್ಮ ಹುಂಜ.”

ಎಲ್ಲರೂ ನಕ್ಕರು. ಅವಳೂ ನಕ್ಕಳು. ಅವಳು ಹಾಗೆ ಜಂಬ ಕೊಚ್ಚಿಕೊಳ್ಳುವುದು ಅಲ್ಲಿದ್ದವರಿಗೆ ಇಷ್ಟವಾಗುತ್ತಿತ್ತು, ಅವಳಿಗೆ ಆ ಹಕ್ಕು ಇದೆ ಎಂದೂ ಒಪ್ಪಿದ್ದರು. ಆ ಮಾತನ್ನು ಮುಂದುವರಿಸಬೇಕೆಂದು ಯಾರಿಗೂ ಹೊಳೆಯಲಿಲ್ಲ, ಅವಳಿಗೂ ಹೊಳೆಯಲಿಲ್ಲ.

ಬೇಟೆ ಆರಂಭವಾದ ಸೋಮವಾರ ಗಾಳಿ ಇರಲಿಲ್ಲ. ಡಾಗ್‌ವುಡ್ ಮರಗಳು ಬೆಳ್ಳಗೆ ಅರಳಿದ್ದವು. ಗಂಡ ಹೆಂಡತಿ ಬಿಳಿ ಓಕಿನ ಬುಡದಲ್ಲಿ ಕೂತರು, ಲೀಲಂಡ್ ಅವಳ ಎಡಕ್ಕೆ. ಬೆಳಕು ಮೂಡುವಾಗ ಗೂಬೆಯೊಂದು ಕೂಗಿತು, ಹೊಳೆಯ ಮೇಲಿನ ಸಿಕಮೋರ್ ಮರದಿಂದ ಹುಂಜ ಗುಡುಗಿ ಉತ್ತರಿಸಿತು. ಮೋಜೆಲ್ ಕೂಡಲೇ ಕರೆಯಲಿಲ್ಲ. ಆಗಷ್ಟೆ ಎದ್ದ ಹೇಂಟೆಯ ಹಾಗೆ ಎರಡೇ ಸ್ವರ, ಮೆಲ್ಲಗೆ, ಕೊಟ್ಟು ಸುಮ್ಮನಾದಳು. ಹುಂಜ ಮರ ಇಳಿಯಿತು. ಅದು ಕರೆದಾಗ ಇವಳು ಉತ್ತರಿಸಲಿಲ್ಲ. ಅದು ಸುಮ್ಮನಾದಾಗ ಸ್ವಲ್ಪ ಗೊಣಗಿದಳು. ಹಾಗೆ ಮುಕ್ಕಾಲು ಗಂಟೆ ಅದನ್ನು ಕಾಡಿಸಿ ಕರೆತಂದಳು.

ಒಣಗಿದ ಎಲೆಯ ಸದ್ದು ಬಂತು. ಬಾಲ ಬೀಸಣಿಗೆಯಂತೆ ಬಿಚ್ಚಿಕೊಂಡು, ತಲೆ ಬೆಳ್ಳಗೆ, ಕೆನ್ನೆ ನೀಲಿ, ಕತ್ತು ಕೆಂಪಾಗಿ, ಹುಂಜ ದಿಣ್ಣೆ ಹತ್ತಿ ಬಂದು ಹನ್ನೆರಡು ಹೆಜ್ಜೆ ದೂರದಲ್ಲಿ ನಿಂತಿತು. ಲೀಲಂಡ್ ಮೊಣಕಾಲ ಮೇಲೆ ಕೋವಿ ಎತ್ತಿ ಹಿಡಿದು ಬಹಳ ಹೊತ್ತಾಗಿತ್ತು. ಮೋಜೆಲ್ ಬಾಯಲ್ಲೇ ಒಂದು ಸಲ ಲೊಟಕೆ ಹೊಡೆದಳು. ಹುಂಜ ಕತ್ತು ಉದ್ದ ಮಾಡಿತು. ಲೀಲಂಡ್ ಟ್ರಿಗರ್ ಎಳೆದ.

ಹುಂಜ ಹಾರಿ, ಹೊಳೆ ದಾಟಿ, ಆಚೆಯ ಗುಡ್ಡದ ಮೇಲೆ ಇಳಿಯಿತು.

“ಅಲ್ಲಾಡಿದ್ಯಾ?” ಎಂದು ಮೋಜೆಲ್ ಕೇಳಿದಳು.

“ಸ್ವಲ್ಪ ಅಲ್ಲಾಡಿರಬಹುದು.”

“ಸ್ವಲ್ಪ ತಾನೇ?”

“ಸ್ವಲ್ಪ ಸಾಕಾಯ್ತು ಅನ್ಸುತ್ತೆ.”

ಮಧ್ಯಾಹ್ನ ಲೀಲಂಡ್ ಅಂಗಡಿಗೆ ಹೋಗಿ ಹೇಳಿದ. ಕಂದು ಬಣ್ಣದ ಅಂಗಿಯ ಹಿಂಭಾಗವನ್ನು ಪ್ಯಾಂಟಿನಿಂದ ಹೊರಗೆಳೆದು ಬೆನ್ನು ತಿರುಗಿಸಿ ನಿಂತ. ಡಾಯ್ಲ್ ಕತ್ತರಿ ತಂದನಾದರೂ ಈ ಸಲ ತಮಾಷೆ ಮಾಡಲಿಲ್ಲ. ಬಟ್ಟೆ ಹರಿಯುವ ಸದ್ದು ನಿಂತ ಮೇಲೆ ಲೀಲಂಡ್, “ನಾಳೆಯಿಂದ ಜಾಗ ನಿಂದು ಡಾಯ್ಲ್. ನಾಲ್ಕು ಗಂಟೆಗೆ ಬಾ. ಕಾಫಿ ಮಾಡಿಟ್ಟಿರ್ತೀನಿ,” ಎಂದ.

ರಾತ್ರಿ ಊಟಕ್ಕೆ ಕೂತಾಗ ಮೋಜೆಲ್ ಕೇಳಿದಳು. “ನನ್ನ ಒಂದು ಮಾತು ಕೇಳ್ದೆ ನನ್ನ ಪಕ್ಕದ ಜಾಗ ಹಂಚಿಬಿಟ್ಯಾ?”

“ಮಾತು ಕೊಟ್ಟಿದ್ದು ನೀನು.”

“ಕೊಟ್ಟಿದ್ದೆ,” ಎಂದಳು ಮೋಜೆಲ್. ಜೋಳದ ರೊಟ್ಟಿಯ ತುಂಡನ್ನು ತಟ್ಟೆಯ ಒಂದು ಬದಿಯಿಂದ ಇನ್ನೊಂದು ಬದಿಗೆ ಸರಿಸಿದಳು. “ನನ್ನ ಬಾಯಿಗೆ ಇಷ್ಟು ಬೆಂಕಿ ಹಾಕ. ಒಂದು ಬಿಸ್ಕತ್ತು ತುರುಕಿ ಅವನ ಬಾಯಿ ಮುಚ್ಚಿಸಿದ್ರೆ ಆಗ್ತಿತ್ತು.”

ಮಂಗಳವಾರ ಡಾಯ್ಲ್ ಹೇಳಿದ ಹೊತ್ತಿಗೆ ಬಂದ. ಲೀಲಂಡ್ ಥರ್ಮಾಸ್ ತುಂಬಿಸಿ ಕೊಟ್ಟು, ಇಬ್ಬರೂ ಹುಲ್ಲುಗಾವಲು ದಾಟುವವರೆಗೆ ನೋಡಿ, ಜಗುಲಿಯಲ್ಲಿ ಕುರ್ಚಿ ಹಾಕಿಕೊಂಡು ಕೂತ. ಬೆಳಕಾದ ಮೇಲೆ ಹುಂಜದ ಗುಡುಗು ಕೇಳಿಸಿತು. ನಿನ್ನೆಯದೇ ಇರಬಹುದು, ಅಲ್ಲದೆಯೂ ಇರಬಹುದು. ಅದು ಹತ್ತಿರವಾಗುತ್ತಾ ಹೋದದ್ದು ಗೊತ್ತಾಯಿತು. ಈಗ ಎಲೆ ಸದ್ದು ಮಾಡುತ್ತಿರುತ್ತದೆ, ಈಗ ಅವಳು ಡಾಯ್ಲ್‌ನ ಕಿವಿಯಲ್ಲಿ ಏನೋ ಹೇಳುತ್ತಿರುತ್ತಾಳೆ ಎಂದುಕೊಂಡ.

ಗುಂಡಿನ ಸದ್ದು ಕೇಳಿತು. ತಕ್ಷಣವೇ ಇನ್ನೊಂದು.

ಟರ್ಕಿ ಕಾಲದಲ್ಲಿ ಜಗುಲಿಯಲ್ಲಿ ಕೂತವರಿಗೆ ಇದು ಗೊತ್ತಿರುತ್ತದೆ. ಒಂದು ಸದ್ದು ಕೇಳಿದರೆ ಹಕ್ಕಿ ಬಿದ್ದಿದೆ. ಬೆನ್ನಿಗೇ ಇನ್ನೊಂದು ಕೇಳಿದರೆ ಹಕ್ಕಿ ಎದ್ದಿದೆ. ಲೀಲಂಡನಿಗೆ ಸಂತೋಷವಾಯಿತು. ಸಂತೋಷವಾದದ್ದಕ್ಕೆ ನಾಚಿಕೆಯಾಗಿ ಎದ್ದು ಒಳಗೆ ಹೋಗಿ ಪಾತ್ರೆ ತೊಳೆದ.

ಅರ್ಧ ಗಂಟೆಯ ಮೇಲೆ ಇಬ್ಬರೂ ಬಂದರು. ಡಾಯ್ಲ್‌ನ ಕೈ ಖಾಲಿ, ಮುಖವೂ ಖಾಲಿ. ಮೋಜೆಲ್ ಮೆಟ್ಟಿಲು ಹತ್ತದೆ, “ಬೂಟು ಹಾಕ್ಕೊಂಡು ಬಾ ಲೀಲಂಡ್. ಒಂದು ತೋರಿಸ್ಬೇಕು,” ಎಂದಳು.

“ಅಕ್ಕಾ, ಅದೇನು ಅಷ್ಟು ಅರ್ಜೆಂಟು? ಸಂಜೆ ತೋರಿಸಿದ್ರಾಯ್ತು.”

“ನೀನೂ ಬಾ.”

ಅವಳು ಇಬ್ಬರನ್ನೂ ಓಕಿನ ಬುಡದ ಮುಂದೆ ಹುಂಜ ನಿಂತಿದ್ದ ಜಾಗಕ್ಕೆ ಕರೆದುಕೊಂಡು ಹೋದಳು. ಅದರ ಹಿಂದೆ ಒಂದು ಸೀಡರ್ ಮರ. ಅದರ ಕಾಂಡದಲ್ಲಿ, ಹುಂಜದ ತಲೆಯ ಎತ್ತರದಲ್ಲಿ, ಜಾಮ್ ಸೀಸೆಯ ಮುಚ್ಚಳದಷ್ಟಗಲ ತೊಗಟೆ ಎದ್ದುಹೋಗಿ ಒಳಗಿನ ಕೆಂಪು ಮರ ಪುಡಿಯಾಗಿತ್ತು. ಸುತ್ತ ಒಂದೆರಡು ಚರೆ ಬಿಟ್ಟರೆ ಬೇರೆಲ್ಲೂ ಗಾಯವಿರಲಿಲ್ಲ.

ಲೀಲಂಡ್ ತೂತಿನ ಮೇಲೆ ಅಂಗೈ ಇಟ್ಟ. ಅಂಗೈಯಲ್ಲಿ ಅದು ಮುಚ್ಚಿಹೋಯಿತು.

“ಇಡೀ ತೋಟಾ ಇಲ್ಲೇ ಇದೆ,” ಎಂದ.

“ಹುಂಜದ ಕತ್ತು ಇಲ್ಲಿತ್ತು,” ಎಂದು ಮೋಜೆಲ್ ತೂತಿನಿಂದ ನಾಲ್ಕು ಬೆರಳು ಪಕ್ಕಕ್ಕೆ ತೋರಿಸಿದಳು. “ಡಾಯ್ಲ್ ಅಷ್ಟೇ ಅಲ್ಲಾಡಿದ್ದು. ನಿನ್ನೆ ನೀನೂ ಅಷ್ಟೇ ಅಲ್ಲಾಡಿರ್ತೀಯ. ನಲವತ್ತು ಗಜಕ್ಕೆ ಹೋಗೋ ಹೊತ್ತಿಗೆ ಇದು ಬಿಚ್ಕೊಂಡು ಕುಕ್ಕೆಯಷ್ಟು ಅಗಲ ಆಗುತ್ತೆ. ಇಲ್ಲಿ ಇನ್ನೂ ಮುಷ್ಟಿ ಬಿಚ್ಚಿಲ್ಲ.”

ನಿನ್ನೆಯ ಜಾಗದಲ್ಲೂ ನೋಡಿದರು. ಅಲ್ಲಿ ಮರವಿರಲಿಲ್ಲ. ಆದರೆ ಹಿಂದಿನ ದಿಣ್ಣೆಯ ಪಾಚಿಯಲ್ಲಿ ಸೌಟಿನಿಂದ ತೋಡಿದಂಥ ಒಂದು ಗುಳಿ ಇತ್ತು.

ಡಾಯ್ಲ್ ಟೋಪಿ ತೆಗೆದು ತಲೆ ಕೆರೆದುಕೊಂಡ. “ಅಪ್ಪನ ಕೋವೀಲಿ ನಾನು ಇದೇ ಜಾಗದಲ್ಲಿ ಒಂದೂ ತಪ್ಪಿಸಿರ್ಲಿಲ್ಲ.”

“ಅಪ್ಪನ ಕೋವಿ ಮೋಟು. ಬಾಯಿಗೆ ಕೆಸರು ಸಿಕ್ಕಿ ಒಡೆದು, ಗೇಣುದ್ದ ಗರಗಸದಲ್ಲಿ ಕೊಯ್ದಿದ್ದು. ಬಿಗಿ ಅನ್ನೋದೇ ಇರಲಿಲ್ಲ ಅದಕ್ಕೆ. ಜರಡಿ ಚೆಲ್ಲಿದ ಹಾಗೆ ಚೆಲ್ತಿತ್ತು.”

“ಅದಕ್ಕೇ ತಾನೇ ಎಲ್ಲರೂ ನಗ್ತಿದ್ದಿದ್ದು. ಅದು ಸವೆದು ಕೆಟ್ಟಾಗ ಗಾರ್ಲಂಡ್ ಹೇಳಿದ, ಒಳ್ಳೇದಾಯ್ತು, ಈಗಲಾದ್ರೂ ಟರ್ಕಿ ಕೋವಿ ತಗೋ ಅಂತ.” ಡಾಯ್ಲ್ ಸೀಡರ್ ಮರದ ಕಡೆ ಮತ್ತೊಮ್ಮೆ ನೋಡಿದ. “ಅಕ್ಕಾ, ನನ್ನದೊಂದು ಮಾತು. ಇದನ್ನ ಮೂರು ಜನ ನೋಡಿದೀವಿ. ಮೂರೂ ಜನ ಮನೆಯವರೇ. ಅಂಗಡಿಗೆ ತಿಳಿಬೇಕು ಅಂತ ಏನಿದೆ?”

“ಭಾವನ್ನ ಕೇಳು.”

ಡಾಯ್ಲ್ ಭಾವನ ಕಡೆ ತಿರುಗಿದ. ಲೀಲಂಡ್ ಹಿಂದೆ ತಿರುಗಿ ತನ್ನ ಅಂಗಿಯ ಅಂಚಿಲ್ಲದ ಭಾಗವನ್ನು ತೋರಿಸಿದ.

“ಆಯ್ತು ಮಾರಾಯ, ಬರ್ತೀನಿ,” ಎಂದ ಡಾಯ್ಲ್.

ಆ ಮಧ್ಯಾಹ್ನ ಅಂಗಡಿಯಲ್ಲಿ ಲೀಲಂಡ್ ಕತ್ತರಿ ಹಿಡಿದ. ಡಾಯ್ಲ್ ಹಾಕಿಕೊಂಡು ಬಂದದ್ದು ಹಳೆಯ ಅಂಗಿಯೇನಲ್ಲ, ಮಗಳು ಕ್ರಿಸ್‌ಮಸ್ಸಿಗೆ ಕೊಟ್ಟದ್ದು. ಲೀಲಂಡ್ ಅದನ್ನು ನೋಡಿ ಎರಡು ಬೆರಳಗಲದ ಪಟ್ಟಿಯನ್ನಷ್ಟೇ ಕತ್ತರಿಸಿದ. ಕತ್ತರಿಸುವಾಗ ಡಾಯ್ಲ್ ಬೇರೆಯವರಿಗೆ ಕೇಳಿಸದಂತೆ ಹೇಳಿದ.

“ಭಾವ, ಇವತ್ತು ಬೆಳಿಗ್ಗೆ ನಾನು ಅಕ್ಕನ ಬಲಕ್ಕೆ ಕೂತಿದ್ದೆ. ಇಪ್ಪತ್ತು ವರ್ಷ ಅಲ್ಲೇ ಕೂತಿದೀನಿ. ಅವಳು ಕಾಫಿ ಬಗ್ಗಿಸಿ ಥರ್ಮಾಸಿನ ಮುಚ್ಚಳಾನ ಎಡಕ್ಕೆ ಚಾಚಿದಳು. ಅಲ್ಲಿ ಯಾರೂ ಇಲ್ಲ. ಸ್ವಲ್ಪ ಹೊತ್ತಾದ ಮೇಲೆ ಮತ್ತೆ ಎಡಕ್ಕೇ ಚಾಚಿದಳು.”

ಲೀಲಂಡನ ಕತ್ತರಿ ನಿಂತಿತು.

“ಎರಡನೇ ಸಲ ನಾನೇ ಕೈ ಚಾಚಿ ತಗೊಂಡೆ. ಆರಿಹೋಗಿತ್ತು,” ಎಂದ ಡಾಯ್ಲ್. “ಜಾಗ ನಿಂದೇ. ನಂಗೆ ಬೇಡ. ಈಗ ಬಟ್ಟೆ ಕತ್ತರಿಸ್ತೀಯೋ ಇಲ್ಲಾ ಅಲ್ಲೇ ಅಳ್ತಾ ನಿಲ್ತೀಯೋ?”

ಆಮೇಲೆ ಎಲ್ಲರೂ ಹಿತ್ತಲಿಗೆ ಹೋದರು. ಈ ಸಲ ಕಾಗದವನ್ನು ಎಲ್ಲಿಡಬೇಕೆಂದು ಮೋಜೆಲ್ ಹೇಳಿದಳು. ಹನ್ನೆರಡು ಹೆಜ್ಜೆಗೆ ಇಟ್ಟದ್ದನ್ನು ನೋಡಿ ಗಾರ್ಲಂಡ್, “ಇಷ್ಟು ಹತ್ತಿರಕ್ಕೆ ಕೋವಿ ಯಾಕೆ, ಪೊರಕೆ ಸಾಕು,” ಎಂದ. ಲೀಲಂಡ್ ಬೆಂಚು ಬಿಟ್ಟು ನೆಲದ ಮೇಲೆ ಕೂತು ದೊಡ್ಡ ಕೋವಿಯಿಂದ ಒಂದು ಹೊಡೆದ. ಕಾಗದದಲ್ಲಿ, ಕತ್ತಿನ ಪಕ್ಕದಲ್ಲಿ, ಒಂದೇ ದುಂಡು ತೂತು ಬಿತ್ತು. ಕತ್ತು ಹಾಗೇ ಇತ್ತು. ಗಾರ್ಲಂಡ್ ತಾನೂ ಕೂತು ಒಂದು ಹೊಡೆದ. ಅವನದು ಕೊಕ್ಕಿನ ಮುಂದೆ ಹೋಯಿತು. ಅವನು ಎದ್ದು ಕಾಗದದ ಹತ್ತಿರ ಹೋಗಿ, ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡ.

“ಇಷ್ಟು ವರ್ಷದಲ್ಲಿ ಯಾರೂ ಇಲ್ಲಿಟ್ಟು ಹೊಡೆದೇ ಇಲ್ಲ,” ಎಂದ.

“ಯಾರಿಗೂ ಅಗತ್ಯ ಬಿದ್ದಿಲ್ಲ,” ಎಂದ ಡಾಯ್ಲ್. “ನಮ್ಮ ಹುಂಜಗಳು ಮರ್ಯಾದಸ್ಥರು. ಅಂಗಳದಲ್ಲೇ ನಿಲ್ತಾವೆ.”

ಕೊಳವೆ ಬಿಚ್ಚಿ ಸಡಿಲವಾದದ್ದನ್ನು ಹಾಕಿದರೆ ಸಾಕು ಎಂದು ಗಾರ್ಲಂಡ್ ಹೇಳಿದ. ಹಾಕಿ ನೋಡಿದರು. ಕಾಗದದಲ್ಲಿ ತಟ್ಟೆಯಷ್ಟಗಲ ಚರೆ ಹರಡಿತು, ಕತ್ತು ತುಂಬ ತೂತು. ವಿಷಯ ಅಲ್ಲಿಗೇ ಮುಗಿಯಬಹುದಿತ್ತು. ಆದರೆ ಅದೇ ಕೊಳವೆಯಲ್ಲಿ ನಲವತ್ತು ಗಜಕ್ಕೆ ಹೊಡೆದಾಗ ಕತ್ತಿಗೆ ಒಂದೇ ಚರೆ ತಾಗಿತ್ತು. ಯಾವುದಾದರೂ ಹುಂಜ ಅಪರೂಪಕ್ಕೆ ದೂರದಲ್ಲೇ ನಿಂತರೆ, ಕೊಳವೆ ಬಿಚ್ಚಿ ಬದಲಾಯಿಸುವವರೆಗೆ ಅದು ಕಾಯುವುದಿಲ್ಲ.

“ಅದಕ್ಕಿಂತ ಇನ್ನೊಂದಿದೆ,” ಎಂದಳು ಮೋಜೆಲ್. “ಲೀಲಂಡ್, ಆ ಕಂಬಕ್ಕೆ ಒರಗಿ ಕೂತ್ಕೋ. ಮರದ ಬುಡದಲ್ಲಿ ಕೂತ ಹಾಗೆ. ತೋಟಾ ತೆಗೆದು ಕೋವಿ ಎತ್ತಿ ಹಿಡಿ. ನಾನು ಹುಂಜ.”

ಅವಳು ಬೇಲಿಯ ತನಕ ಹೋಗಿ ತಿರುಗಿ ನಿಂತಳು. ಎರಡು ಕೈಯನ್ನೂ ಬೆನ್ನ ಹಿಂದೆ ಅಗಲವಾಗಿ ಹರಡಿ, ಎದೆ ಉಬ್ಬಿಸಿ, ಒಂದೊಂದೇ ಹೆಜ್ಜೆ ಇಡುತ್ತಾ ಬಂದಳು. ಗೊಬ್ಬರದ ಚೀಲಗಳ ಹತ್ತಿರ ನಿಂತು ಸುತ್ತಲೂ ನೋಡಿದಳು. ಅರ್ಧ ತಿರುಗಿ ತನ್ನ ಬಾಲವನ್ನು ಯಾರೋ ಕಾಣದ ಹೇಂಟೆಗೆ ತೋರಿಸಿದಳು. ಒಲೆಯ ಸುತ್ತ ಕೂರುವವರೆಲ್ಲ ಹೊಟ್ಟೆ ಹಿಡಿದು ನಗುತ್ತಿದ್ದರು. ಅವಳು ನಗಲಿಲ್ಲ, ಆತುರವನ್ನೂ ಮಾಡಲಿಲ್ಲ. ನಿಜವಾದ ಹುಂಜ ಎಷ್ಟು ಹೊತ್ತು ತೆಗೆದುಕೊಳ್ಳುತ್ತದೆಯೋ ಅಷ್ಟೇ ಹೊತ್ತು ತೆಗೆದುಕೊಂಡಳು. ಅರ್ಧ ದಾರಿಗೆ ಬರುವಷ್ಟರಲ್ಲಿ ಲೀಲಂಡನ ಕೋವಿಯ ತುದಿ ಸಣ್ಣಗೆ ನಡುಗತೊಡಗಿತ್ತು. ಹನ್ನೆರಡು ಹೆಜ್ಜೆಗೆ ಬಂದು ಕತ್ತು ಎತ್ತಿದಾಗ ಅದು ಎಲ್ಲರಿಗೂ ಕಾಣುವಂತೆ ಅಲ್ಲಾಡುತ್ತಿತ್ತು.

“ಒಂಬತ್ತು ಪೌಂಡು,” ಎಂದಳು ಮೋಜೆಲ್, ಕೈ ಇಳಿಸಿ. “ಇಳಿಸಿ ಇಟ್ಕೊಂಡಿರು ಅಂದ್ರೆ ಎತ್ತುವಾಗ ಹುಂಜ ನೋಡುತ್ತೆ. ಎತ್ತಿ ಇಟ್ಕೊಂಡಿರು ಅಂದ್ರೆ ಇವನ ತೋಳು ಒಪ್ಪಲ್ಲ. ಮೂವತ್ತು ವರ್ಷ ಸ್ಟೇರಿಂಗ್ ತಿರುಗಿಸಿದ ಭುಜ ಇದು. ಹಗುರದ್ದು ಏನಿದೆ ಗಾರ್ಲಂಡ್?”

ಗಾರ್ಲಂಡ್ ಒಳಗೆ ಹೋಗಿ ಮೂರು ಕೋವಿ ತಂದ. ಒಂದು ಒಂಟಿ ನಳಿಗೆಯದು, ತೀರ ಹಗುರ, ಆದರೆ ಹೊಡೆದಾಗ ಕೆನ್ನೆಗೆ ಬಡಿಯಿತು. ಇನ್ನೊಂದು ಲೀಲಂಡನ ತೋಳಿಗೆ ಗಿಡ್ಡವಾಯಿತು. ಮೂರನೆಯದನ್ನು ಕೊಡುವಾಗ ಗಾರ್ಲಂಡ್ ಸ್ವಲ್ಪ ಸಂಕೋಚಪಟ್ಟ. ಅದು ಇಪ್ಪತ್ತು ಬೋರಿನ, ಅಂದರೆ ಹನ್ನೆರಡರದ್ದಕ್ಕಿಂತ ಸಣ್ಣ ಬಾಯಿಯ, ಹಳೆಯ ಜೋಡು ನಳಿಗೆ. ಹಿಡಿಯ ಮೇಲಿನ ಬಣ್ಣ ಸವೆದು ಬಿಳಿಚಿಕೊಂಡಿತ್ತು.

“ಇದು ಕ್ವೈಲ್ ಹಕ್ಕಿಗೆ ಹೊಡೆಯೋ ಕೋವಿ,” ಎಂದ. “ಟರ್ಕಿಗೆ ಅಂತ ಇದನ್ನ ಕೊಟ್ರೆ ನನ್ನ ಹೆಸರು ಏನಾಗಬೇಕು?”

“ನಿನ್ನ ಹೆಸರು ನಾವು ನೋಡ್ಕೋತೀವಿ,” ಎಂದ ಡಾಯ್ಲ್.

ಆರು ಪೌಂಡಿಗಿಂತ ಸ್ವಲ್ಪ ಹೆಚ್ಚು ತೂಕ. ಎರಡು ಟ್ರಿಗರ್. ಮುಂದಿನದು ಬಲ ನಳಿಗೆಗೆ, ಅದರ ಬಾಯಿ ಸಡಿಲ. ಹಿಂದಿನದು ಎಡ ನಳಿಗೆಗೆ, ಅದರ ಬಾಯಿ ಬಿಗಿ. ಹತ್ತಿರದ ಹಕ್ಕಿಗೆ ಮುಂದಿನ ಟ್ರಿಗರ್, ದೂರದ್ದಕ್ಕೆ ಹಿಂದಿನದು. ಇಪ್ಪತ್ತು ಬೋರಿನ ತೋಟಾದಲ್ಲಿ ಚರೆ ಕಡಿಮೆ, ಮೂವತ್ತು ಗಜದಾಚೆ ಅದನ್ನು ನಂಬುವಂತಿಲ್ಲ ಎಂದು ಗಾರ್ಲಂಡ್ ಎಚ್ಚರಿಸಿದ. ಮೂವತ್ತಕ್ಕೆ ಹೊಡೆದು ನೋಡಿದರು, ಅವನು ಹೇಳಿದ್ದು ಸರಿಯಾಗಿತ್ತು. ಅಲ್ಲಿಯವರೆಗೆ ಎಡ ನಳಿಗೆ ಸಾಕು, ಆಮೇಲೆ ಸಾಲದು. ಹನ್ನೆರಡು ಹೆಜ್ಜೆಗೆ ಬಲ ನಳಿಗೆಯಿಂದ ಹೊಡೆದಾಗ ಚರೆ ಗೇಣಗಲ ಹರಡಿ ಕತ್ತನ್ನು ಮುಚ್ಚಿತು. ಲೀಲಂಡ್ ಬೇಕೆಂದೇ ನಾಲ್ಕು ಬೆರಳು ಪಕ್ಕಕ್ಕೆ ಗುರಿಯಿಟ್ಟು ಇನ್ನೊಂದು ಹೊಡೆದ. ಆಗಲೂ ಕತ್ತಿಗೆ ಐದು ಚರೆ ಬಿದ್ದಿತ್ತು.

ಮೋಜೆಲ್ ಮತ್ತೆ ಬೇಲಿಗೆ ಹೋಗಿ ಹುಂಜವಾಗಿ ಬಂದಳು. ಈ ಸಲ ಗೊಬ್ಬರದ ಚೀಲದ ಹತ್ತಿರ ಇನ್ನೂ ಹೆಚ್ಚು ಹೊತ್ತು ನಿಂತಳು, ಒಂದು ಸಲ ವಾಪಸು ಹೊರಟಂತೆ ಮಾಡಿ ತಿರುಗಿದಳು. ಲೀಲಂಡನ ನಳಿಗೆ ಅಲ್ಲಾಡಲಿಲ್ಲ. ಅವಳು ಕತ್ತು ಎತ್ತಿ ಅವನನ್ನು ನೋಡಿದಾಗ ಅವನು ಕೋವಿಯ ಹಿಂದಿನಿಂದ ನಗುತ್ತಿದ್ದ.

“ಇದೇ,” ಎಂದ.

ಬುಧವಾರ ಮಳೆ ಬಂತು. ಗುರುವಾರ ನಾಲ್ಕು ಗಂಟೆಗೆ ಇಬ್ಬರೂ ಹುಲ್ಲುಗಾವಲು ದಾಟಿದರು. ಓಕಿನ ಎಲೆಗಳಿಂದ ಇನ್ನೂ ನೀರು ತೊಟ್ಟಿಕ್ಕುತ್ತಿತ್ತು. ಲೀಲಂಡ್ ಅವಳ ಎಡಕ್ಕೆ ಕೂತ. ಮೋಜೆಲ್ ಕಾಫಿ ಬಗ್ಗಿಸಿ ಎಡಕ್ಕೆ ಚಾಚಿದಳು, ಅವನು ತೆಗೆದುಕೊಂಡ.

ಹುಂಜ ಆ ದಿನ ತಡವಾಗಿ ಮಾತಾಡಿತು. ಮಳೆಗೆ ನೆನೆದ ಹಕ್ಕಿ ಮರ ಇಳಿಯಲು ಮನಸ್ಸು ಮಾಡುತ್ತಿರಲಿಲ್ಲ. ಮೋಜೆಲ್ ಅದನ್ನು ಬಹಳ ಹೊತ್ತು ರಮಿಸಿದಳು. ಕೊನೆಗೆ ಅದು ಇಳಿದು, ಒದ್ದೆ ಎಲೆಯ ಮೇಲೆ ಸದ್ದಿಲ್ಲದೆ, ಅವರು ನಿರೀಕ್ಷಿಸಿರದ ಬಲಗಡೆಯಿಂದ ಬಂತು. ಮೊದಲು ಕೇಳಿಸಿದ್ದು ಎದೆಯೊಳಗಿಂದ ಹೊರಡುವ ಅದರ ಗುಂಯ್ ಸದ್ದು. ಮೋಜೆಲ್‌ಳ ಭುಜ ಗಟ್ಟಿಯಾಯಿತು. “ಬರ್ತಿದೆ,” ಎಂದಳು. ಲೀಲಂಡ್ ಹುಂಜ ಒಂದು ಮರದ ಹಿಂದೆ ಹೋದಾಗ ಕೋವಿಯನ್ನು ತಿರುಗಿಸಿದ. ಅದು ಈಚೆ ಬಂದು, ಬಾಲ ಮಡಚಿ, ಹೇಂಟೆ ಎಲ್ಲಿ ಎಂದು ಕತ್ತು ನೀಳ ಮಾಡಿತು. ಹತ್ತು ಹೆಜ್ಜೆಯೂ ಇರಲಿಲ್ಲ. ಅವನು ಮುಂದಿನ ಟ್ರಿಗರ್ ಎಳೆದ.

ಒಂದೇ ಸದ್ದು. ಹುಂಜ ನಿಂತಲ್ಲೇ ಕುಸಿಯಿತು.

ಲೀಲಂಡ್ ಓಡಿಹೋಗಿ ಕತ್ತಿನ ಮೇಲೆ ಕಾಲಿಡಬೇಕಾಗಿತ್ತು, ಎಲ್ಲರೂ ಮಾಡುವುದು ಹಾಗೆ. ಅಗತ್ಯ ಬೀಳಲಿಲ್ಲ, ರೆಕ್ಕೆ ಎರಡು ಸಲ ಬಡಿದು ನಿಂತಿತು. ಅವನು ಕೋವಿಯನ್ನು ಮಡಚಿ ತೆರೆದು ತೋಟಾ ತೆಗೆದು, ಏಳಲು ನೆಲಕ್ಕೆ ಕೈ ಊರಿದ. ಮೋಜೆಲ್ ಅವನ ತೋಳು ಹಿಡಿದಳು.

“ಕೂತಿರು. ಇನ್ನೊಂದು ಮಾತಾಡ್ತಿದೆ.”

ಹೊಳೆಯಾಚೆಯಿಂದ ದೂರದ ಗುಡುಗು ಬಂತು.

“ಮೊದಲನೇ ವಾರ ಒಬ್ಬರಿಗೆ ಒಂದೇ ಹಕ್ಕಿ, ಮೋಜೆಲ್. ನನ್ನದು ಮುಗೀತು.”

“ಹೊಡಿ ಅಂತ ಯಾರು ಹೇಳಿದ್ರು? ಕೂತಿರು ಅಂದೆ ಅಷ್ಟೆ.”

ಅವನು ಮತ್ತೆ ಮರಕ್ಕೆ ಒರಗಿದ. ಅವಳು ಕೊಳವೆಯನ್ನು ತುಟಿಗಿಟ್ಟು ಎರಡು ಸ್ವರ ಕೊಟ್ಟು ಕಾದಳು. ಆಚೆಯ ಹುಂಜ ಉತ್ತರಿಸಿತು. ಅವಳು ಏನೋ ಆಕ್ಷೇಪಿಸಿದಳು, ಅದು ಒಪ್ಪಲಿಲ್ಲ. ಬಿಸಿಲು ಏರಿ ಓಕಿನ ಬುಡಕ್ಕೆ ಬರುವವರೆಗೆ ಅವರಿಬ್ಬರ ವಾದ ನಡೆಯಿತು. ಲೀಲಂಡ್ ಖಾಲಿ ಕೋವಿಯನ್ನು ಪಕ್ಕಕ್ಕಿಟ್ಟು, ಥರ್ಮಾಸಿನಲ್ಲಿ ಉಳಿದಿದ್ದ ಕಾಫಿಯನ್ನು ಇಬ್ಬರಿಗೂ ಬಗ್ಗಿಸಿದ.